ರದ್ದಾದ ವಹಿವಾಟು, ಉಳಿದ ಪುಟ

ಪಾಂಡವಪುರ ಉಪವಿಭಾಗಾಧಿಕಾರಿ ಕಚೇರಿಯ ವ್ಯಾಪ್ತಿಗೆ ನಾಲ್ಕು ತಾಲ್ಲೂಕುಗಳು ಬರುತ್ತವೆ: ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ. ತಾಲ್ಲೂಕು ಹಂತದಲ್ಲಾದ ಖಾತೆ ಬದಲಾವಣೆಗೆ ತಕರಾರಿದ್ದವರು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಮೇಲ್ಮನವಿ ಹಾಕುವುದು ಇಲ್ಲಿಗೇ. ಮೇಲ್ಮನವಿ ಗೆದ್ದರೆ ಮ್ಯುಟೇಷನ್ ರದ್ದಾಗುತ್ತದೆ. ಹಾಗೆಂದು ಹಳೆಯ ಎಂ.ಆರ್. ನಮೂದನ್ನು ಯಾರೂ ಅಳಿಸುವುದಿಲ್ಲ. ಆದೇಶದ ಆಧಾರದಲ್ಲಿ ಇನ್ನೊಂದು ನಮೂದು ಏರುತ್ತದೆ. ಪಹಣಿಯಲ್ಲಿ ಹೆಸರು ಹಿಂದಿರುಗುತ್ತದೆ, ವಹಿ ಮುಂದಕ್ಕೇ ಬೆಳೆಯುತ್ತದೆ. ಡೇಟಾಬೇಸಿನ ರೋಲ್‌ಬ್ಯಾಕ್ ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಅಭ್ಯಾಸಕ್ಕೆಂದು ಈ ನಾಲ್ಕು ತಾಲ್ಲೂಕುಗಳ ಊರುಗಳನ್ನಿಟ್ಟು ನಾನೊಂದು ಟೇಬಲ್ ಮಾಡಿಕೊಂಡಿದ್ದೇನೆ. ಇಂಡೆಕ್ಸ್ ಇರುವುದು ಊರು, ಸರ್ವೆ ನಂಬರು, ಹಿಸ್ಸಾ ಎಂಬ ಕ್ರಮದಲ್ಲಿ. ಅರಕೆರೆ ಮೊದಲು, ಆಮೇಲೆ ಕಿಕ್ಕೇರಿ, ಬೆಳ್ಳೂರು, ಕೊನೆಗೆ ಮೇಲುಕೋಟೆ. ಕಿಕ್ಕೇರಿ, ಬೆಳ್ಳೂರುಗಳ ಸಾಲುಗಳು ಒಂದೇ ಪುಟದಲ್ಲಿ ತುಂಬಿಕೊಂಡಿವೆ ಎನ್ನಿ. ಕಿಕ್ಕೇರಿಯ 45ನೇ ಸರ್ವೆ ನಂಬರು ಪೋಡಿಯಾಗಿ 45/1, 45/2, 45/3 ಬಂದವು. ಪುಟದಲ್ಲಿ ಜಾಗವಿಲ್ಲ. ಆಗ ಪೇಜ್ ಸ್ಪ್ಲಿಟ್ ಆಗುತ್ತದೆ: ಸುಮಾರು ಅರ್ಧ ಸಾಲುಗಳು ಹೊಸ ಪುಟಕ್ಕೆ ಹೋಗುತ್ತವೆ, ಮೇಲಿನ ಹಂತದ ಪುಟದಲ್ಲಿ ಅದರ ವಿಳಾಸ ದಾಖಲಾಗುತ್ತದೆ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಬಿ-ಟ್ರೀ ರೂಪಿಸಿದ ಕಾಲದಿಂದಲೂ ನಡೆದುಬಂದ ಪದ್ಧತಿ ಇದು.

ಕಿಕ್ಕೇರಿಯ ಟ್ರಾನ್ಸಾಕ್ಷನ್ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಬೆಳ್ಳೂರಿನ ಇನ್ನೊಂದು ಟ್ರಾನ್ಸಾಕ್ಷನ್ ಆ ಹೊಸ ಪುಟಕ್ಕೇ ಒಂದು ಸಾಲು ಬರೆದು ಕಮಿಟ್ ಆಯಿತು. ಆಮೇಲೆ ಕಿಕ್ಕೇರಿಯದು ರೋಲ್‌ಬ್ಯಾಕ್. ಈಗ ಎರಡು ಪುಟವನ್ನೂ ಮೊದಲಿನ ಸ್ಥಿತಿಗೇ ತಂದರೆ ಬೆಳ್ಳೂರಿನ ಸಾಲು ಎಲ್ಲಿಗೆ ಹೋಗಬೇಕು? ಅದು ಕಮಿಟ್ ಆದ ದಾಖಲೆ, ಕಳೆಯುವ ಹಕ್ಕು ಯಾರಿಗೂ ಇಲ್ಲ. ಸ್ಪ್ಲಿಟ್ ಹಿಂದಕ್ಕೆ ಹೋಗಲೇಬಾರದಂತೆ ಇಟ್ಟರೆ ಕಿಕ್ಕೇರಿಯ ಮೂರು ಹಿಸ್ಸಾ ಮಾತ್ರ ಹೋಗುತ್ತವೆ, ಪುಟ ಎರಡಾಗಿಯೇ ಉಳಿಯುತ್ತದೆ.

ಐ.ಬಿ.ಎಂ.ನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ಪ್ರಬಂಧದಲ್ಲಿ ಇದಕ್ಕೊಂದು ಸೊಗಸಾದ ವ್ಯವಸ್ಥೆ ಇದೆ: ನೆಸ್ಟೆಡ್ ಟಾಪ್ ಆ್ಯಕ್ಷನ್. ಸ್ಪ್ಲಿಟ್ ಮುಗಿದ ಕೂಡಲೇ ಲಾಗ್‌ನಲ್ಲೊಂದು ಪರಿಹಾರ ನಮೂದು ಬೀಳುತ್ತದೆ. ಹಿಂದಕ್ಕೆ ಓದುತ್ತ ಬರುವ ರೋಲ್‌ಬ್ಯಾಕ್‌ಗೆ ಅದು ಸ್ಪ್ಲಿಟ್‌ಗೆ ಮುಂಚಿನ ನಮೂದಿನ ವಿಳಾಸ ಕೊಡುತ್ತದೆ, ನಡುವಿನದೆಲ್ಲ ದಾಟಿಹೋಗುತ್ತದೆ. ಸ್ಪ್ಲಿಟ್ ಅರ್ಧದಲ್ಲಿರುವಾಗ ಕರೆಂಟ್ ಹೋದರೆ ಆ ನಮೂದು ಬಿದ್ದಿರುವುದಿಲ್ಲ, ಆದ್ದರಿಂದ ಅರೆಬರೆ ಸ್ಪ್ಲಿಟ್ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಎಲ್ಲಿ ಹಿಂದೆ ಸರಿಯಬೇಕು, ಎಲ್ಲಿ ಸರಿಯಬಾರದು ಎಂಬ ವಿವೇಕವನ್ನು ಒಂದೇ ಒಂದು ನಮೂದು ಹೊತ್ತಿದೆ. ಎಷ್ಟು ಬಾರಿ ಓದಿದರೂ ನನಗೆ ಅದರ ಮೇಲಿನ ಗೌರವ ಕಡಿಮೆಯಾಗಿಲ್ಲ.

ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಸ್ಪ್ಲಿಟ್ ತನ್ನದೇ ಆದ ಒಳ ಟ್ರಾನ್ಸಾಕ್ಷನ್ನಿನಲ್ಲಿ ಕಮಿಟ್ ಆಗಿಬಿಡುತ್ತದೆ. ಇನ್ನೊಡಿಬಿಯ ಪುಟ ಸಾಮಾನ್ಯವಾಗಿ 16 ಕೆ.ಬಿ.; ಸಾಲುಗಳು ಹೋಗಿ ಅದು ಶೇ. 50ಕ್ಕಿಂತ ಕೆಳಗಿಳಿದರೆ ಪಕ್ಕದ ಪುಟದೊಡನೆ ಕೂಡಿಸಲು ನೋಡುತ್ತದೆ. ಅದು ಹೊಸದಾಗಿ ನಡೆಯುವ ವಿಲೀನ, ಸ್ಪ್ಲಿಟ್‌ನ ರದ್ದತಿಯಲ್ಲ. ಪೋಸ್ಟ್‌ಗ್ರೆಸ್‌ನ ಪುಟ 8 ಕೆ.ಬಿ. ಅಲ್ಲಿ ರೋಲ್‌ಬ್ಯಾಕ್ ಆದ ಸಾಲುಗಳು ಸತ್ತ ಸಾಲುಗಳಾಗಿ ಕೂರುತ್ತವೆ, ವ್ಯಾಕ್ಯೂಮ್ ಬಂದು ಗುಡಿಸುತ್ತದೆ. ಪೂರ್ತಿ ಬರಿದಾದ ಪುಟ ಮರುಬಳಕೆಗೆ ಸಿಗುತ್ತದೆ. ಅರೆ ತುಂಬಿದ ಎರಡು ಪುಟಗಳನ್ನು ಅದು ಕೂಡಿಸುವುದಿಲ್ಲ.

ಆದ್ದರಿಂದ ಲಕ್ಷಗಟ್ಟಲೆ ಸಾಲು ತುಂಬಿ ನೋಡಿ, ರೋಲ್‌ಬ್ಯಾಕ್ ಕೊಟ್ಟರಾಯಿತು ಎಂದುಕೊಳ್ಳುವವರಿಗೆ ನನ್ನ ಮಾತು: ಆ ಪ್ರಯೋಗವನ್ನು ನಕಲು ಡೇಟಾಬೇಸಿನಲ್ಲಿ ಮಾಡಿ. ಸಾಲುಗಳ ಎಣಿಕೆ ಸರಿಯಾಗಿದ್ದರೂ ಇಂಡೆಕ್ಸ್ ಊದಿಕೊಂಡಿರಬಹುದು. ಮೊದಲಿನ ಅಳತೆಯೊಡನೆ ಹೋಲಿಸಿ ನೋಡಿ. ತೀರಾ ಬೆಳೆದಿದ್ದರೆ ರೀಇಂಡೆಕ್ಸ್ ಮಾಡಿ. ಸ್ವಲ್ಪವೇ ಆದರೆ ಬಿಟ್ಟುಬಿಡಿ. ಕಿಕ್ಕೇರಿಗೆ ಹೊಸ ಹಿಸ್ಸಾ ಬಂದಾಗ ಆ ಪುಟದಲ್ಲಿ ಜಾಗ ಸಿದ್ಧವಿರುತ್ತದೆ, ಇನ್ನೊಂದು ಸ್ಪ್ಲಿಟ್‌ನ ಖರ್ಚು ಉಳಿಯುತ್ತದೆ.