ತರಗೆಲೆ ಕೂಡಿಡುವ ಕಾಲ

ಮನೆಯಲ್ಲಿ ಕಾಂಪೋಸ್ಟ್ ಮಾಡುವವರ ಮಾತೆಲ್ಲ ಅಡುಗೆಮನೆಯ ಸಿಪ್ಪೆಯ ಸುತ್ತಲೇ. ಸಿಪ್ಪೆಗೇನು, ದಿನವೂ ತಾನಾಗಿ ಬರುತ್ತದೆ. ಹುಡುಕಿ ತರಬೇಕಾದ್ದು ಒಣ ಎಲೆ. ಬೆಂಗಳೂರಿನಲ್ಲಿ ಸಂಕ್ರಾಂತಿ ಕಳೆದು ಯುಗಾದಿ ಬರುವುದರೊಳಗೆ ಅದು ಬೀದಿ ತುಂಬ ಪುಕ್ಕಟೆ ಬಿದ್ದಿರುತ್ತದೆ. ಆಗ ನಾಲ್ಕು ಗೋಣಿಚೀಲ ತುಂಬಿಟ್ಟುಕೊಳ್ಳದವರು ಮಳೆಗಾಲದಲ್ಲಿ ಕೊಕೊಪೀಟ್‌ಗೆ ದುಡ್ಡು ತೆರುತ್ತಾರೆ.

ಎಲೆಯಲ್ಲೂ ಮೇಲು ಕೀಳು ಉಂಟು. ನನ್ನ ಲೆಕ್ಕದಲ್ಲಿ ಮೊದಲ ಮಣೆ ಮಳೆಮರಕ್ಕೆ. ಪುಟ್ಟ ಪುಟ್ಟ ಎಲೆ, ಕತ್ತರಿಸುವ ರಗಳೆಯಿಲ್ಲ. ಸಿಪ್ಪೆಯ ಸಂದುಗೊಂದಿಗೆಲ್ಲ ಇಳಿದು ತೇವ ಹೀರಿಕೊಳ್ಳುತ್ತದೆ. ಅದರ ಬೆನ್ನಿಗೇ ಹೊಂಗೆ. ಎರಡೂ ಅವರೆ, ತೊಗರಿಯ ಕುಲದವೇ, ಬೇಗ ಕೊಳೆಯುತ್ತವೆ. ಮಾವು, ಹಲಸಿನ ಎಲೆ ಚರ್ಮದ ಹಾಗೆ ದಪ್ಪ. ಪುಡಿಮಾಡದೆ ಹಾಕಿದರೆ ಗೊಬ್ಬರವೆಲ್ಲ ಆದಮೇಲೂ ನರ ಸಮೇತ ಕೈಗೆ ಸಿಗುತ್ತವೆ. ಬಿದಿರೆಲೆ ಇನ್ನೂ ಹಟಮಾರಿ. ನೀಲಗಿರಿಯನ್ನಂತೂ ನಾನು ಹತ್ತಿರ ಸೇರಿಸುವುದಿಲ್ಲ.

ಕೊಳೆಸುವ ಸೂಕ್ಷ್ಮಜೀವಿಗಳಿಗೆ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕರೆ ಹಿತ. ಸಿಪ್ಪೆಯೊಂದರಿಂದ ಅಷ್ಟು ಇಂಗಾಲ ಹುಟ್ಟದು. ಕೊರತೆ ತುಂಬುವುದು ತರಗೆಲೆ. ಒಂದು ಬಟ್ಟಲು ಸಿಪ್ಪೆಗೆ ಒಂದೂವರೆ, ಎರಡು ಬಟ್ಟಲು ಎಲೆ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಲೆಕ್ಕ ತಪ್ಪಿದರೆ ಮೂಗೇ ಹೇಳುತ್ತದೆ: ಅಮೋನಿಯದ ಘಾಟು ಬಂದರೆ ಎಲೆ ಸಾಲದು, ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು, ತಳದಿಂದ ಮಗುಚಬೇಕು. ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಇಂದೋರಿನಲ್ಲಿ ಕಸಕಡ್ಡಿ, ಸಗಣಿಯನ್ನು ಪದರ ಪದರವಾಗಿ ಪೇರಿಸಿ, ಮಗುಚಿ, 1931ರಲ್ಲಿ ಪುಸ್ತಕವಾಗಿಸಿದ ಪದ್ಧತಿಯ ತಿರುಳೂ ಹೆಚ್ಚುಕಡಿಮೆ ಇದೇ. (ಕೊಟ್ಟಿಗೆಗೆ ದರಗು ಹಾಸಿ ಗೊಬ್ಬರದ ಗುಂಡಿ ತುಂಬಿಸುವ ಮಲೆನಾಡಿನವರು ಇದನ್ನೋದಿ ನಕ್ಕಾರು.)

ಎಲೆ ತರುವುದಕ್ಕೆ ಪಾರ್ಕೇ ಮೇಲು. ರಸ್ತೆಬದಿಯ ರಾಶಿಯಲ್ಲಿ ಗುಟ್ಕಾ ಚೀಟಿ, ಚಾಕೊಲೇಟ್ ಕಾಗದ ಇದ್ದೇ ಇರುತ್ತವೆ, ಕೂತು ಆರಿಸಬೇಕು. ಆದರೂ ಬೆಳಿಗ್ಗೆ ಗುಡಿಸುವ ಪೌರಕಾರ್ಮಿಕರನ್ನು ಕೇಳಿ ನೋಡಿ. ಯಾರಾದರೂ ಕಡ್ಡಿ ಗೀರುವ ಮೊದಲೇ ಆ ರಾಶಿ ನಿಮ್ಮ ಚೀಲ ಸೇರಿದರೆ ಅವರಿಗೂ ಹೊರೆ ಇಳಿಯುತ್ತದೆ. ಚೀಲವನ್ನು ತಾರಸಿಯ ಮೂಲೆಯಲ್ಲಲ್ಲ, ಮಳೆ ಎರಚದ ಕಡೆ ಇಡಿ. ನೆಂದ ಎಲೆ ಚೀಲದಲ್ಲೇ ಮುದ್ದೆಗಟ್ಟಿ ಬೂಸ್ಟು ಹಿಡಿಯುತ್ತದೆ. ಸಿಪ್ಪೆಯ ನೀರು ಹೀರುವ ಕೆಲಸಕ್ಕೆ ಬರುವುದಿಲ್ಲ.