ಊರಿನ ಮಾತು, ಕಥೆಯ ಮಾತು

ಕಥೆ, ಕಾದಂಬರಿ, ನಾಟಕ, ಸಿನಿಮಾಗಳಲ್ಲಿ ಪಾತ್ರಗಳು ಆಡುವ ಮಾತು ಹೇಗಿರಬೇಕು? ಜನರು ಆಡುವಂತೆಯೇ ಇರಬೇಕೆಂದು ಕೆಲವರು ಹೇಳುತ್ತಾರೆ; ಕೇಳುವವರನ್ನು ರಂಜಿಸುವಂತಿರಬೇಕೆಂದು ಇನ್ನು ಕೆಲವರು. ಮೊದಲನೆಯವರ ಕಣ್ಣಿಗೆ ಎರಡನೆಯವರು ಚಪ್ಪಾಳೆಗಾಗಿ ಬರೆಯುವವರು; ಎರಡನೆಯವರ ನಾಲಿಗೆಗೆ ಮೊದಲನೆಯವರ ಬರಹ ಉಪ್ಪಿಲ್ಲದ ಅಡುಗೆ. ಓದುಗ ಮಿತ್ರರೇ, ಬಹುಕಾಲದ ಈ ವಾದವನ್ನು ರಾಮನಗರ, ಕನಕಪುರ, ಮಾಗಡಿ ಸೀಮೆಯಲ್ಲಿ ನಿಂತು ಪರಿಶೀಲಿಸಲು ವಿಶೇಷ ಕಾರಣವಿದೆ. ಎರಡೂ ಪಕ್ಷಗಳಿಗೆ ಬೇಕಾದ ಸಾಕ್ಷ್ಯ ಇಲ್ಲಿ ದೊರೆಯುತ್ತದೆ.

ಮೊದಲು ರಂಜನೆಯ ಸಾಕ್ಷ್ಯ. 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ' ಹಿಂದಿ ಚಿತ್ರದ ಬಹುಭಾಗ ಚಿತ್ರಿತವಾದದ್ದು ರಾಮನಗರದ ಬಂಡೆಗಳ ನಡುವೆ. ಅಲ್ಲಿ ಕಟ್ಟಿ ನಿಲ್ಲಿಸಿದ ಊರಿಗೆ ರಾಮಗಢವೆಂದು ಹೆಸರಿಟ್ಟರು. ನೆಲ ನಮ್ಮದು, ಬೆಟ್ಟ ನಮ್ಮದು, ನಾಲಿಗೆ ಮಾತ್ರ ಉತ್ತರದ್ದು. ಸಲೀಂ–ಜಾವೇದ್ ಜೋಡಿ ಬರೆದ ಆ ಸಂಭಾಷಣೆಯಂತೆ ಯಾವ ಊರಿನ ಜನರೂ ಮಾತನಾಡಲಾರರು. ಆದರೂ ಹೆಚ್ಚಾಗಿ ಹಾಡುಗಳಿಗೆ ಬಳಕೆಯಾಗುತ್ತಿದ್ದ ಗ್ರಾಮಫೋನ್ ತಟ್ಟೆಯಲ್ಲಿ ಬರಿಯ ಸಂಭಾಷಣೆಯನ್ನು ಮುದ್ರಿಸಿ ಪಾಲಿಡಾರ್ ಕಂಪನಿ ಮಾರಿತು, ಜನ ಕೊಂಡು ಕೇಳಿದರು.

ಇದನ್ನು ಅಗ್ಗದ ರಂಜನೆಯೆಂದು ತಳ್ಳಿಹಾಕುವ ಮುನ್ನ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಜೈ ತನ್ನ ಗೆಳೆಯ ವೀರುವಿಗಾಗಿ ಹೆಣ್ಣು ಕೇಳಲು ಬಸಂತಿಯ ಚಿಕ್ಕಮ್ಮನ ಬಳಿಗೆ ಹೋಗುತ್ತಾನೆ. ಗೆಳೆಯನನ್ನು ಹೊಗಳುತ್ತ ಹೊಗಳುತ್ತ ಅವನ ಒಂದೊಂದೇ ದುರ್ಗುಣವನ್ನು ಹೊರಗಿಡುತ್ತಾನೆ. ನಾವು ನಗುತ್ತೇವೆ, ಆದರೆ ಮಿತಭಾಷಿಯಾದ ಜೈ ತನ್ನ ಸ್ನೇಹವನ್ನು ಇಂತಹ ಕುಚೋದ್ಯದಲ್ಲಿಯೇ ತೋರಬಲ್ಲನೆಂಬುದು ಆ ನಗೆಯೊಳಗೆ ತಿಳಿಯುತ್ತದೆ. ಅದೇ ಚಿತ್ರದ ಜೈಲರನ ಪ್ರಸಂಗವೂ ನಗಿಸುತ್ತದೆ. ಆದರೆ ಅದನ್ನು ಕತ್ತರಿಸಿ ತೆಗೆದರೆ ಯಾವ ಪಾತ್ರಕ್ಕೂ ನಷ್ಟವಿಲ್ಲ. ಮೊದಲನೆಯ ನಗೆ ಪಾತ್ರದ ಒಳಗಿನಿಂದ ಬಂದದ್ದು, ಎರಡನೆಯದು ಮೇಲಿನಿಂದ ಅಂಟಿಸಿದ್ದು. ರಂಜನೆಯೆಂಬುದು ಒಂದೇ ಜಾತಿಯದಲ್ಲ ಎಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಇನ್ನು ವಾಸ್ತವದ ಪಕ್ಷ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಕಡೆಯ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಆಸ್ತಿ ಪಾಲಾದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ನಿಂತಿದೆ. ತಮ್ಮನ ಮನೆಯಲ್ಲಿ ರೇಷ್ಮೆಹುಳು ನಾಲ್ಕನೆಯ ಜ್ವರ ಕಳೆದು ಎದ್ದಿವೆ; ಅವು ಹಗಲಿರುಳೆನ್ನದೆ ತಿನ್ನುವ ಹೊತ್ತು ಅದು. ತೋಟದಲ್ಲಿ ಸೊಪ್ಪು ಮುಗಿದಿದೆ. ಅಣ್ಣನ ತೋಟದಲ್ಲಿ ಇದೆ. ತಮ್ಮ ಬಂದು ಜಗಲಿಯ ಕೆಳಗೆ ನಿಲ್ಲುತ್ತಾನೆ. ಆಡಿದ್ದೆಲ್ಲವನ್ನೂ ಯಂತ್ರದಲ್ಲಿ ಹಿಡಿದು ಬರೆದರೆ ಮಳೆ, ಗೂಡಿನ ರೇಟು, ತಪ್ಪಿದ ಬಸ್ಸು, ಯಾರದೋ ಮದುವೆ ಎಂದು ನಾಲ್ಕು ಪುಟ ತುಂಬುತ್ತದೆ. ಎಲ್ಲವೂ ನಿಜ, ಆದರೆ ಓದುಗ ಎರಡನೆಯ ಪುಟದಲ್ಲಿ ಎದ್ದುಹೋಗುತ್ತಾನೆ. ಚಪ್ಪಾಳೆಯ ಲೇಖಕನಾದರೆ ತಮ್ಮನ ಬಾಯಲ್ಲಿ, "ರಕ್ತ ಹಂಚ್ಕೊಂಡು ಹುಟ್ಟಿದೋರು ಸೊಪ್ಪು ಹಂಚ್ಕೊಳ್ಳೋಕಾಗಲ್ವಾ ಅಣ್ಣಾ?" ಎಂದು ಹೇಳಿಸುತ್ತಾನೆ. ಕಿವಿಗೆ ಹಿತ, ಆದರೆ ಅವಮಾನವನ್ನು ನುಂಗಿಕೊಂಡು ಬಂದವನು ಅಷ್ಟು ಚಂದವಾಗಿ ಮಾತು ಜೋಡಿಸಲಾರ. ಮೂರನೆಯ ದಾರಿ ಹೀಗಿರಬಹುದು:

"ಹುಳ ಎಂಗವೆ?"

"ನಾಕ್ನೇ ಜ್ವರ ಎದ್ದವೆ ಕನಣ್ಣ. ಸೊಪ್ಪು ಮುಗೀತು."

"ಕುಡ್ಲು ಎಲ್ಲಿಟ್ಟವ್ಳೋ, ನಿಮ್ಮತ್ತಿಗೇನ ಕೇಳು."

ಇಲ್ಲಿ ಯಾರೂ ಬೇಡಲಿಲ್ಲ, ಯಾರೂ ಕೊಡುತ್ತೇನೆ ಎನ್ನಲಿಲ್ಲ. ಆದರೆ 'ನಿಮ್ಮತ್ತಿಗೆ' ಎಂಬ ಒಂದು ಪದದಲ್ಲಿ ಮುರಿದ ಸಂಬಂಧ ಮತ್ತೆ ಕೂಡಿತು. ಇದು ನಾಲ್ಕು ಪುಟದ ನಿಜದಿಂದ ಆಯ್ದು ತೆಗೆದ ಮೂರು ಸಾಲು. ಸಂಭಾಷಣೆಯ ವಾಸ್ತವವೆಂದರೆ ಪಡಿಯಚ್ಚಲ್ಲ, ಆಯ್ಕೆ.

ಕನ್ನಡದ ದೊಡ್ಡ ಲೇಖಕರು ಈ ಆಯ್ಕೆಯನ್ನು ಬಲ್ಲವರಾಗಿದ್ದರು. ಕಂಪನಿ ನಾಟಕಗಳ ಗ್ರಾಂಥಿಕ ಭಾಷೆಯ ಕಾಲದಲ್ಲಿ ಟಿ. ಪಿ. ಕೈಲಾಸಂ 1918ರ 'ಟೊಳ್ಳುಗಟ್ಟಿ'ಯಲ್ಲಿ ಮನೆಮಾತನ್ನು ರಂಗಕ್ಕೆ ತಂದರು. ಇಂಗ್ಲಿಷ್ ಬೆರೆತ ಅವರ ಪಾತ್ರಗಳ ಕನ್ನಡ ನಗೆಯುಕ್ಕಿಸಿದರೂ ಒಂದು ತಲೆಮಾರಿನ ಪೊಳ್ಳುತನವನ್ನು ಅದೇ ಬಯಲಿಗೆಳೆಯಿತು. ದೇವನೂರ ಮಹಾದೇವರ 'ಕುಸುಮಬಾಲೆ' (1984) ಇನ್ನೂ ದೂರ ಹೋಗುತ್ತದೆ. ಅಲ್ಲಿ ಜೋತಮ್ಮಗಳು ಇರುಳಿನಲ್ಲಿ ಕೂಡಿ ಸುಖದುಃಖ ಹೇಳಿಕೊಳ್ಳುತ್ತವೆ, ಮಂಚವೂ ಮಾತನಾಡುತ್ತದೆ. ದೀಪ, ಮಂಚಗಳು ಮಾತನಾಡುವುದು ವಾಸ್ತವವಲ್ಲ. ಆದರೆ ಅವುಗಳ ನುಡಿ ಆ ನೆಲದ ಜನರದೇ ಆದುದರಿಂದ ನಾವು ನಂಬುತ್ತೇವೆ. ಹಾಗಾದರೆ ನಂಬಿಕೆ ಹುಟ್ಟುವುದು ಘಟನೆಯ ಸಂಭಾವ್ಯತೆಯಿಂದಲ್ಲ, ಆಡುವವರ ಬಗೆಗೆ ಲೇಖಕನಿಗಿರುವ ಗೌರವದಿಂದ.

ಗೌರವ ಎಂಬ ಪದವನ್ನು ನಾನು ಬೇಕೆಂದೇ ಬಳಸಿದ್ದೇನೆ. ಬಹಳಷ್ಟು ಕನ್ನಡ ಚಿತ್ರಗಳಲ್ಲಿ ನಾಯಕನದು ಪುಸ್ತಕದ ಕನ್ನಡ. ಹಕಾರ ಬಿಟ್ಟು, 'ಓಯ್ತೀನಿ, ಬತ್ತೀನಿ' ಎನ್ನುವವನು ಆಳುಮಗ ಇಲ್ಲವೆ ಹಾಸ್ಯಗಾರ. ಪ್ರೀತಿ, ತ್ಯಾಗ, ವೈರಾಗ್ಯಗಳಿಗೆ ಒಂದು ಭಾಷೆ, ನಗೆಪಾಟಲಿಗೆ ಇನ್ನೊಂದು. ಮನೆಯಲ್ಲಿ ಆ ನುಡಿಯನ್ನೇ ಆಡುವ ಕೋಡಿಹಳ್ಳಿಯ ಹುಡುಗನೊಬ್ಬ ಇಂತಹ ಚಿತ್ರ ನೋಡಿ ಏನು ಕಲಿಯುತ್ತಾನೆ? ತನ್ನ ಅಜ್ಜಿಯ ಮಾತು ನಗುವುದಕ್ಕೆ ಮಾತ್ರ ಯೋಗ್ಯವೆಂದು ಕಲಿಯುತ್ತಾನೆ. ಪಟ್ಟಣದ ಕಾಲೇಜಿಗೆ ಕಾಲಿಟ್ಟೊಡನೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಇಲ್ಲಿ ಕೆಟ್ಟದ್ದು ರಂಜನೆಯಲ್ಲ, ರಂಜನೆಗಾಗಿ ಒಂದು ಜನಸಮೂಹದ ನಾಲಿಗೆಯನ್ನು ಒತ್ತೆ ಇಟ್ಟದ್ದು.

ಇದಕ್ಕೆ ಉತ್ತರವಾಗಿ ಬಂದ ಚಿತ್ರ ರಾಮ್ ರೆಡ್ಡಿ ನಿರ್ದೇಶನದ 'ತಿಥಿ'. ಪಕ್ಕದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆಯ ಕಸುಬಿನವರಲ್ಲದ ಊರವರನ್ನೇ ಇಟ್ಟುಕೊಂಡು ತಯಾರಾದ ಇದು 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದೇ ಊರಿನ ನಂಟಿದ್ದ ಈರೇಗೌಡರು ಬರವಣಿಗೆಯಲ್ಲಿ ಜೊತೆಯಾಗಿದ್ದರು. ದಾರಿಹೋಕರನ್ನೆಲ್ಲ ಬಯ್ಯುವ ಸೆಂಚುರಿಗೌಡ ನಮ್ಮನ್ನು ಹೊಟ್ಟೆತುಂಬ ನಗಿಸುತ್ತಾನೆ. ಆದರೆ ಹೆಚ್ಚು ಮಾತಿಲ್ಲದ ಅವನ ಮಗ ಗಡ್ಡಪ್ಪ, ಕುರಿಗಾಹಿಗಳ ನಡುವೆ ಕೂತು ತನ್ನ ಬದುಕಿನ ಗಾಯವನ್ನು ಬಿಚ್ಚಿಡುವಾಗ ಅದೇ ನುಡಿ ದುಃಖವನ್ನೂ ಹೊರುತ್ತದೆ. ನಗೆಗೂ ನೋವಿಗೂ ಒಂದೇ ಭಾಷೆ ಸಾಕಾಯಿತು. ಆ ಚಿತ್ರದ ಗೆಲುವಿನ ಬಳಿಕ ಅದೇ ಹಿರಿಯರನ್ನು ನಗೆಯ ಚಿತ್ರಗಳಿಗೂ ಕರೆತಂದರು. ಬಾಯಿ ಅದೇ, ಉಚ್ಚಾರಣೆ ಅದೇ. ಆದರೆ ಉಚ್ಚಾರಣೆ ಸರಿಯಿದ್ದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. ಆ ಮಾತಿನ ಹಿಂದೆ ಒಂದು ಬದುಕನ್ನು ಇಡಬೇಕಾಗುತ್ತದೆ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ದಲಿಂಗಯ್ಯನವರ (1954–2021) 'ಊರುಕೇರಿ' ಕಾದಂಬರಿಯಲ್ಲ, ಆತ್ಮಕಥೆ. ಆದರೂ ನಮ್ಮ ಪ್ರಶ್ನೆಗೆ ಅದರಲ್ಲಿ ಬೆಳಕಿದೆ. ಇಬ್ಬರು ಮನುಷ್ಯರು ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟು ಹೊಲ ಉಳುವುದನ್ನು ಹುಡುಗನೊಬ್ಬ ತಮಾಷೆಯೆಂಬಂತೆ ನೋಡುತ್ತಾನೆ. ಅವರಲ್ಲೊಬ್ಬ ತನ್ನ ಅಪ್ಪನೆಂದು ಆಮೇಲೆ ತಿಳಿಯುತ್ತದೆ. ಹಸಿವು, ಅಸ್ಪೃಶ್ಯತೆಗಳ ನಡುವೆಯೂ ಆ ಪುಸ್ತಕ ನಗಿಸುತ್ತಲೇ ಇರುತ್ತದೆ. ನಗುವವರು ಆ ಕೇರಿಯವರೇ. ಓದುಗ ಅವರ ಜೊತೆ ಸೇರಿ ನಗುತ್ತಾನೆಯೇ ಹೊರತು ಅವರನ್ನು ಕಂಡು ನಗುವುದಿಲ್ಲ. ವಾಸ್ತವ ಮತ್ತು ರಂಜನೆ ಒಂದಕ್ಕೊಂದು ಶತ್ರುಗಳಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ನಮಗೆಲ್ಲ ಪರಿಚಿತವಾದ ಒಂದು ಕಥೆಯಲ್ಲಿಯೂ ಇದೇ ಪಾಠವಿದೆ. ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಮನೆಬಿಟ್ಟು ಹೋದವನು ಹಿಂದಿರುಗಿದಾಗ, ಮುನಿದ ಹಿರಿಯ ಮಗ ಅವನನ್ನು ತಮ್ಮನೆಂದು ಕರೆಯುವುದಿಲ್ಲ. ತಂದೆಯ ಮುಂದೆ ಅವನನ್ನು ನಿನ್ನ ಮಗನೆಂದು ದೂರವಿಡುತ್ತಾನೆ. ತಂದೆ ವಾದಕ್ಕಿಳಿಯದೆ ನಿನ್ನ ತಮ್ಮನೆಂದು ತಿದ್ದುತ್ತಾನೆ. ಒಂದು ಸಂಬಂಧವಾಚಕದ ಬದಲಾವಣೆ, ಅಷ್ಟೆ. ಇಂತಹುದೊಂದು ಪದವನ್ನು ಹುಡುಕಲು ಲೇಖಕನು ಜಗಲಿಯ ಮೇಲೆ ಕೂತು ಬಹಳ ಹೊತ್ತು ಕೇಳಿಸಿಕೊಳ್ಳಬೇಕಾಗುತ್ತದೆ.

ಆದುದರಿಂದ ಓದುಗ ಮಿತ್ರರೇ, ಮುಂದೆ ಕಥೆ ಓದುವಾಗ, ಚಿತ್ರ ನೋಡುವಾಗ, ಸಂಭಾಷಣೆ ಸಹಜವಾಗಿದೆಯೋ ರಂಜಕವಾಗಿದೆಯೋ ಎಂದು ಕೇಳಿ ಸುಮ್ಮನಾಗಬೇಡಿ. ಈ ಮಾತು ಯಾರ ಬದುಕಿನಿಂದ ಬಂತು, ಇದನ್ನು ಕೇಳಿದ ಮೇಲೆ ಆಡಿದವರು ನಮ್ಮ ಕಣ್ಣಿನಲ್ಲಿ ದೊಡ್ಡವರಾದರೋ ಸಣ್ಣವರಾದರೋ ಎಂದೂ ಕೇಳಿ. ನೀವು ಶಾಲೆಯ ವಾರ್ಷಿಕೋತ್ಸವಕ್ಕೋ ಊರ ಹಬ್ಬಕ್ಕೋ ನಾಟಕ ಬರೆಯುವವರಾದರೆ, ಹಳ್ಳಿಯ ಮಾತನ್ನು ಹಾಸ್ಯಪಾತ್ರಕ್ಕೆ ಕೊಡುವ ಮುನ್ನ ಒಮ್ಮೆ ಅದನ್ನು ನಾಯಕಿಗೆ ಕೊಟ್ಟು ನೋಡಿ.