ಹೂವು ಬಿಡಿ, ಎಲೆ ನೋಡಿ

ವಯೊಲೆಟ್ ಎಂದರೆ ನೇರಳೆ ಎಂದುಕೊಂಡವರು ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿಗೆ ವಸಂತದಲ್ಲಿ ಹೋಗಬೇಕು. ಡಗ್ಲಾಸ್ ಫರ್, ಹೆಮ್ಲಾಕ್, ರೆಡ್‌ವುಡ್‌ಗಳ ಮಬ್ಬು ನೆರಳಲ್ಲಿ, ಉದುರಿದ ಸೂಜಿಯೆಲೆಗಳ ನಡುವೆ ಅರಳಿರುವ ವಯೊಲೆಟ್ ಅಪ್ಪಟ ಹಳದಿ! ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಪ್ಯಾನ್ಸಿ ನೋಡಿದವರಿಗೆ ಇದರ ಮುಖಚಹರೆ ಪರಿಚಿತ. ಎರಡೂ ವಯೊಲ ಕುಲದವೇ. ಮೇಲೆ ಎರಡು ಎಸಳು, ಪಕ್ಕದಲ್ಲಿ ಎರಡು, ಕೆಳಗೊಂದು. ಕೆಳಗಿನ ಎಸಳಿನಲ್ಲಿ ಕಾಡಿಗೆಯ ಕಡ್ಡಿಯಿಂದ ಎಳೆದಂಥ ಸಣ್ಣ ಗೆರೆಗಳು. ದುಂಬಿಗೆ ಮಕರಂದದ ದಾರಿ ತೋರಿಸುವವು.

ತೊಡಕು ಇರುವುದು ಇಲ್ಲೇ. ಆ ಕಾಡುಗಳಲ್ಲಿ ಇದೇ ಮುಖದ ಹಳದಿ ವಯೊಲೆಟ್‌ಗಳು ಹಲವು. ಹೂವನ್ನಷ್ಟೇ ನೋಡಿ ಹೆಸರು ಹೇಳಲು ಹೊರಟವರು ಎಡವುತ್ತಾರೆ.

ಬಲ್ಲವರು ಬಗ್ಗಿ ಎಲೆ ನೋಡುತ್ತಾರೆ. ವಯೊಲ ಸೆಂಪರ್‌ವೈರೆನ್ಸ್ ನಮ್ಮ ಒಂದೆಲಗದ ಹಾಗೆ ನೆಲದ ಮೇಲೆ ಬಳ್ಳಿ ಹರಿಸುತ್ತದೆ. ಎಲೆ ಚಿಕ್ಕದು, ದಪ್ಪ, ಮುಟ್ಟಿದರೆ ಚರ್ಮದಂತೆ; ಅನೇಕ ಸಲ ಅದರ ಮೇಲೆ ನೇರಳೆ ಚುಕ್ಕಿಗಳೂ ಇರುತ್ತವೆ. ಚಳಿಗಾಲದಲ್ಲೂ ಹಸಿರು ಬಿಡದು. ಸೆಂಪರ್‌ವೈರೆನ್ಸ್ ಎಂದರೆ ನಿತ್ಯಹರಿದ್ವರ್ಣ ಎಂದೇ ಅರ್ಥ. ನೂರು ಮೀಟರ್ ದಾಟುವ ರೆಡ್‌ವುಡ್ ಮರದ ಶಾಸ್ತ್ರೀಯ ಹೆಸರಿನಲ್ಲೂ ಇದೇ ಪದವಿದೆ. ಅದರ ಬುಡದಲ್ಲಿ ಗೇಣುದ್ದವೂ ಏಳದ ಈ ಗಿಡ ಅದೇ ಬಿರುದು ಹೊತ್ತು ಕೂತಿದೆ!

ತೊರೆಯ ಬದಿಯ ವಯೊಲ ಗ್ಲಬೆಲ್ಲ ಬೇರೆಯೇ ಜಾಯಮಾನದ್ದು. ಬಳ್ಳಿ ಇಲ್ಲ, ಕಾಂಡ ನೆಟ್ಟಗೆ, ಎಲೆಗಳು ಅದರ ತುದಿಯಲ್ಲಿ. ವೀಳ್ಯದೆಲೆಯಂತೆ ಹೃದಯಾಕಾರ, ಚೂಪು ತುದಿ, ತೆಳು ಮೈ. ಚಳಿಗೆ ಎಲ್ಲ ಒಣಗಿಹೋಗುತ್ತದೆ. ಬೆಟ್ಟ ಹತ್ತಿದರೆ ಮೂರನೆಯದು, ವಯೊಲ ಆರ್ಬಿಕ್ಯುಲೇಟ. ಇದರ ಎಲೆ ದುಂಡಗೆ, ಹಿಮದಡಿಯಲ್ಲೂ ಉಳಿಯುತ್ತದೆ. ಹಾಗಾಗಿ ಮೊದಲನೆಯದೆಂದು ಮೋಸಹೋಗುವುದು ಸುಲಭ. ಬೆರಳಲ್ಲಿ ಕಸ ಸರಿಸಿ ನೋಡಬೇಕು: ಹರಿಯುವ ಬಳ್ಳಿ ಇಲ್ಲವಾದರೆ ಇದೇ.

ಹೂವಿನ ಕಾಲ ಮುಗಿದ ಮೇಲೂ ವಯೊಲೆಟ್‌ಗಳು ಸುಮ್ಮನಿರುವುದಿಲ್ಲ. ಅರಳದೇ ಮುಚ್ಚಿಕೊಂಡಿರುವ ಮೊಗ್ಗುಗಳೊಳಗೆ ತಮ್ಮದೇ ಪರಾಗದಿಂದ ಬೀಜ ಕಟ್ಟುತ್ತವೆ. ಬೀಜಕ್ಕಂಟಿದ ಕೊಬ್ಬಿನ ತುಣುಕಿನ ಆಸೆಗೆ ಇರುವೆಗಳು ಅದನ್ನು ಹೊತ್ತೊಯ್ಯುತ್ತವೆ. ಆ ಹೊತ್ತಿನಲ್ಲಿ ಗುರುತಿಗೆ ಎಲೆಯೇ ಗತಿ.

ಸಿಯಾಟಲ್, ಪೋರ್ಟ್‌ಲೆಂಡ್ ಕಡೆಯ ಕನ್ನಡಿಗರು ವಾರಾಂತ್ಯದ ಚಾರಣದಲ್ಲಿ ಹಳದಿ ವಯೊಲೆಟ್ ಕಂಡರೆ ಕೀಳದೆ ಮೂರು ಫೋಟೊ ತೆಗೆಯಲಿ: ಹೂವಿನದೊಂದು, ಎಲೆಯದೊಂದು, ಬುಡದ್ದೊಂದು.